ಕೋರ್ಟ್ ಹಾಲಿನ ಹಿಂದಿನ ಬೆಂಚು

ಪೊಲೀಸ್ ತರಬೇತಿ ಶಾಲೆಯಲ್ಲಿ ಕಾನೂನು ಪಾಠ ಹೇಳುವವರಿಗೆ ಓದಲು ಬೇಕಾದಷ್ಟು ಟೈಮ್ ಸಿಗುತ್ತದೆ ಅಂತ ಠಾಣೆಯಲ್ಲಿರುವ ನನ್ನ ಗೆಳೆಯರು ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ಬೆಳಕು ಹರಿಯುವ ಮೊದಲೇ ಪಿ.ಟಿ. ಸೀಟಿ ಕೇಳುತ್ತದೆ. ಆಮೇಲೆ ಪರೇಡ್, ತರಗತಿ, ಊಟ, ಮತ್ತೆ ತರಗತಿ, ರಾತ್ರಿ ರೋಲ್ ಕಾಲ್. ನಡುವೆ ಪ್ರಶ್ನೆಪತ್ರಿಕೆ ತಯಾರಿ, ಹಾಜರಿ ಪುಸ್ತಕ, ಯಾರಿಗೋ ಜ್ವರ, ಯಾರದೋ ಮನೆಯಿಂದ ಫೋನು. ಗಣಪತಿ ಹಬ್ಬ ಬಂದರೆ ಬಂದೋಬಸ್ತ್. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಬೆಳಗಾವಿ ಕಡೆ ಖಾಕಿ ತೊಟ್ಟವರಿಗೆ ಬಿಡುವು ಎಲ್ಲಿಂದ ಬರಬೇಕು? ಓದುವ ಕೆಲಸ ದಿನವೂ ನಾಳೆಗೆ ಹೋಗುತ್ತಿರುತ್ತದೆ.

2024ರ ಜುಲೈ 1ರ ನಂತರ ಹಾಗೆ ಮುಂದೂಡುವಂತಿರಲಿಲ್ಲ. 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂಗಳಿದ್ದದ್ದು 358 ಆಯಿತು. ಸಿಆರ್‌ಪಿಸಿ ಅನ್ನುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ 531 ಕಲಂಗಳ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂತು. 1872ರ ಸಾಕ್ಷ್ಯ ಕಾಯ್ದೆ ಹೋಗಿ ಸಾಕ್ಷ್ಯ ಅಧಿನಿಯಮ ಬಂತು. ಕೊಲೆ ಅಂದರೆ 302 ಅಂತ ನಿದ್ದೆಯಲ್ಲೂ ಹೇಳುತ್ತಿದ್ದ ನಾವು 103 ಅನ್ನಬೇಕು. ಹೊಸ ಸಂಹಿತೆಯ 302ರಲ್ಲಿರುವುದು ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ. ಹಾಗಂತ ಹಳೆಯದನ್ನು ಮರೆಯುವಂತೆಯೂ ಇಲ್ಲ. ಆ ದಿನಕ್ಕಿಂತ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ನಮ್ಮ ಕೈಯಲ್ಲಿ ಕಲಿತು ಹೋಗುವ ಹುಡುಗ ಎರಡನ್ನೂ ತಿಳಿದಿರಬೇಕು. ಅವನಿಗೆ ಹೇಳಿಕೊಡುವ ನಾನು?

ಕಲಂಗಳ ನಂಬರು ಕಲಿಯುವುದು ಅಷ್ಟು ಕಷ್ಟವಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ (ಎನ್‌ಸಿಆರ್‌ಬಿ) 'ಸಂಕಲನ್' ಆ್ಯಪ್‌ನಲ್ಲಿ ಹಳೆಯದು, ಹೊಸದು ಎರಡನ್ನೂ ಹೋಲಿಸಿ ನೋಡಬಹುದು. ಸರ್ಕಾರಿ ನೌಕರರ ತರಬೇತಿ ಜಾಲತಾಣ ಐಗಾಟ್ ಕರ್ಮಯೋಗಿಯಲ್ಲಿ ಆನ್‌ಲೈನ್ ಕೋರ್ಸುಗಳಿವೆ. ಅವನ್ನೂ ಮಾಡಿದೆ, ಉಪಯೋಗವೂ ಆಯಿತು. ಆದರೆ ನನಗೆ ಬೇಕಾಗಿದ್ದದ್ದು ಇನ್ನೊಂದು. ನಾವು ಕಲಿಸಿದ್ದು ಕೊನೆಗೆ ನಿಲ್ಲುತ್ತದೋ ಬೀಳುತ್ತದೋ ಅಂತ ಗೊತ್ತಾಗುವುದು ಕೋರ್ಟಿನಲ್ಲಿ. ಅಲ್ಲಿ ಹೋಗಿ ಕೂತು ನೋಡದೆ ತನಿಖೆಯ ಪಾಠ ಹೇಳುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನಿಸಿತ್ತು.

ಆ ಟೈಮ್ ಮಾಡಿಕೊಟ್ಟವರು ಮೈದಾನದಲ್ಲಿ ಕಲಿಸುವ ನಮ್ಮ ಹೊರಾಂಗಣದ ಉಸ್ತಾದರು. ಅವರಿಗೆ ರಿಪೋರ್ಟು, ರಿಜಿಸ್ಟರು ಬರೆಯುವುದೆಂದರೆ ಬೇಸರ. "ಸಾಹೇಬ್ರ, ನನ್ನ ಬರಿಯೂ ಕೆಲ್ಸಾ ನೀವ್ ಮಾಡಿ ಕೊಡ್ರಿ. ನೀವ್ ಹೋದ ದಿನ ಹುಡುಗೂರ್ನ ನಾ ನೋಡ್ಕೋತೀನಿ" ಅಂದರು. ಪ್ರಾಂಶುಪಾಲರೂ ಒಪ್ಪಿದರು. ಹೀಗೆ ಒಂದು ಮಳೆಗಾಲದ ಬೆಳಿಗ್ಗೆ ಬೆಳಗಾವಿ ಕೋರ್ಟಿನ ಒಂದು ಹಾಲಿನಲ್ಲಿ ಹಿಂದಿನ ಬೆಂಚಿನ ಮೇಲೆ, ಯೂನಿಫಾರಂ ಇಲ್ಲದೆ, ನೋಟ್‌ಬುಕ್ ಹಿಡಿದು ಕೂತೆ.

ಹಳೆಯದೊಂದು ಕಳವಿನ ಕೇಸು. ಕಟಕಟೆಯಲ್ಲಿ ತನಿಖಾಧಿಕಾರಿ. ಮುಖ್ಯ ವಿಚಾರಣೆ ಚೆನ್ನಾಗಿಯೇ ನಡೆಯಿತು. ತಾರೀಖು, ಸ್ಥಳ, ಪಂಚರು, ಮುದ್ದೇಮಾಲು ಎಲ್ಲವನ್ನೂ ಅವರು ತಡವರಿಸದೆ ಹೇಳಿದರು. ಆಮೇಲೆ ಆರೋಪಿ ಪರ ವಕೀಲರು ಪಾಟಿ ಸವಾಲಿಗೆ ಎದ್ದರು. ದನಿ ಏರಿಸಲಿಲ್ಲ. ಅಂಗಡಿಯ ಸಿಸಿಟಿವಿ ದೃಶ್ಯದ ಬಗ್ಗೆ ಅಷ್ಟೇ ಕೇಳಿದರು. ದೃಶ್ಯ ದಾಖಲಾಗುವ ಡಿವಿಆರ್‌ನಿಂದ ಕಾಪಿ ಮಾಡಿದವರು ಯಾರು? ನೀವು ಎದುರಿಗಿದ್ದಿರಾ? ಇಲ್ಲ, ಅಂಗಡಿಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. 65ಬಿ ಪ್ರಮಾಣಪತ್ರ ಎಲ್ಲಿ? ಇವರು ಕಡತ ತಿರುವಿದರು. ಮತ್ತೆ ತಿರುವಿದರು. ನ್ಯಾಯಾಧೀಶರು ಕಾದರು. ಕಡತದಲ್ಲಿ ಅದು ಇರಲಿಲ್ಲ.

ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂನ ಈ ಪ್ರಮಾಣಪತ್ರ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ತೀರ್ಪನ್ನು ನಾನು ಎಷ್ಟೋ ಬ್ಯಾಚುಗಳಿಗೆ ಹೇಳಿದ್ದೇನೆ. ಆದರೆ ಆ ಒಂದು ಹಾಳೆ ಇಲ್ಲದಿದ್ದಾಗ ಅನುಭವಸ್ಥ ಅಧಿಕಾರಿಯ ಕೈ ಹೇಗೆ ಕಡತದಲ್ಲಿ ತಡಕಾಡುತ್ತದೆ ಅಂತ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅವರು ಕೆಲಸಗಳ್ಳರಲ್ಲ. ಓಡಾಡಿ, ಊರೂರು ತಿರುಗಿ ಕಳ್ಳನನ್ನು ಹಿಡಿದಿದ್ದರು. ಅವರ ಅಷ್ಟೂ ಶ್ರಮ ಒಂದು ಹಾಳೆಗೆ ಬಂದು ನಿಂತಿತಲ್ಲ ಅಂತ ನನಗೆ ಹೊಟ್ಟೆ ಉರಿಯಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಮರುದಿನದ ಪಾಠವನ್ನು ಪೂರ್ತಿ ಬದಲಾಯಿಸಿದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ವಿಷಯ 63ನೇ ಕಲಂನಲ್ಲಿದೆ. ಪ್ರಮಾಣಪತ್ರಕ್ಕೆ ಈಗ ಎರಡು ಭಾಗ. ಒಂದನ್ನು ಸಾಧನ ಯಾರ ಕೈಯಲ್ಲಿತ್ತೋ ಅವರು ತುಂಬಬೇಕು, ಇನ್ನೊಂದನ್ನು ತಜ್ಞರು. ಎರಡರಲ್ಲೂ ಫೈಲಿನ ಹ್ಯಾಷ್ ಮೌಲ್ಯ, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಾಲು, ಬರೆಯಬೇಕು. ಈ ಹ್ಯಾಷ್ ಅನ್ನುವುದನ್ನು ಬೋರ್ಡಿನ ಮೇಲೆ ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಮಾಡಿಯೇ ತೋರಿಸಬೇಕು.

ಮರುದಿನ ಹುಡುಗರನ್ನೆಲ್ಲ ಕಂಪ್ಯೂಟರ್ ಕೋಣೆಗೆ ಕರೆದೊಯ್ದೆ. ಮೇಜಿನ ಮೇಲೆ ಒಂದು ಹಳೆಯ ಬೀಗ ಇಟ್ಟು, ಇದೇ ಮುದ್ದೇಮಾಲು ಅಂದೆ. ಇಬ್ಬರು ಪಂಚರಾದರು. ಒಬ್ಬ ಜಪ್ತಿ ಮಾಡಿದ, ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೊ ಮಾಡಿದ. ಶೋಧನೆ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಅಂತ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಆ ಫೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ತಂದು ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಿ ಹ್ಯಾಷ್ ತೆಗೆದೆವು. 64 ಅಕ್ಷರ, ಅಂಕಿಗಳ ಒಂದು ಸಾಲು ಬಂತು. ಒಬ್ಬ ಜೋರಾಗಿ ಓದಿದ, ಉಳಿದವರು ಬರೆದುಕೊಂಡರು.

ಹಿಂದಿನ ಸಾಲಿನಿಂದ ಒಬ್ಬ ಕೈ ಎತ್ತಿದ. "ಸರ್, ಫೈಲಿನ ಹೆಸರು ಬದಲ ಮಾಡಿದ್ರ ಇದೂ ಬದಲಾಗ್ತೈತೇನ್ರಿ?"

"ನೀನೇ ಬಂದು ಮಾಡಿ ನೋಡು" ಅಂದೆ. ಹೆಸರು ಬದಲಿಸಿದ, ಮತ್ತೆ ಹ್ಯಾಷ್ ತೆಗೆದ. ಅದೇ ಸಾಲು, ಒಂದಕ್ಷರವೂ ವ್ಯತ್ಯಾಸವಿಲ್ಲ. ಆಮೇಲೆ ಅದೇ ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯನಿಗೆ ಕಳಿಸಿ, ಅವನ ಮೊಬೈಲಿನಿಂದ ಇಳಿಸಿಕೊಂಡೆವು. ನೋಡಲು ಅದೇ ಬೀಗ, ಅದೇ ಮೇಜು, ಅದೇ ಮಾತು. ಹ್ಯಾಷ್ ಮಾತ್ರ ಪೂರಾ ಬೇರೆ. ಕಳಿಸುವಾಗ ವಾಟ್ಸ್‌ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ, ಅಂದರೆ ಅದು ಬೇರೆಯೇ ಫೈಲು. ಕೋಣೆಯಲ್ಲಿ ಗುಸುಗುಸು ಶುರುವಾಯಿತು. ಅಷ್ಟರಲ್ಲಿ ಇನ್ನೊಬ್ಬ ಕೇಳಿದ, "ಡಾಕ್ಯುಮೆಂಟ್ ಅಂತ ಹಾಕಿ ಕಳಿಸಿದ್ರ?" ಇದು ನನ್ನ ತಯಾರಿಯಲ್ಲಿ ಇರಲಿಲ್ಲ. ಕಳಿಸಿ ನೋಡಿದೆವು. ಹ್ಯಾಷ್ ಮೊದಲಿನದ್ದೇ ಬಂತು. ಆದರೆ ಹ್ಯಾಷ್ ಕೂಡಿತು ಅಂತ ಪ್ರಮಾಣಪತ್ರ ಬಿಡುವಂತಿಲ್ಲ, ಮೂಲ ಮೊಬೈಲನ್ನು ಜೋಪಾನ ಮಾಡುವುದನ್ನೂ ಬಿಡುವಂತಿಲ್ಲ ಅಂತ ಒತ್ತಿ ಹೇಳಿದೆ. ಊಟದ ಸೀಟಿ ಆದರೂ ಯಾರೂ ಏಳಲಿಲ್ಲ.

ಆ ಹುಡುಗನ ಪ್ರಶ್ನೆ ನನಗೆ ಬಹಳ ಹಿಡಿಸಿತು. ಈಗಿನ ಬ್ಯಾಚುಗಳಲ್ಲಿ ಡಿಗ್ರಿ ಮುಗಿಸಿದವರು ಜಾಸ್ತಿ. ಮೊಬೈಲಿನ ಒಳಹೊರಗು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೋರ್ಟಿನಲ್ಲಿ ಏನು ನಡೆಯುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಬೋಧಕ ಹೋಗಿ ನೋಡಿ ಬಂದು ಹೇಳಿದರೆ ಎರಡೂ ಕೂಡುತ್ತವೆ. ಇದಕ್ಕೆ ಬೇಕಾದ ಟೈಮನ್ನು ಬೋಧಕನ ರಜೆಯಿಂದಲೋ ನಿದ್ದೆಯಿಂದಲೋ ಕತ್ತರಿಸಬಾರದು. ಅದು ಡ್ಯೂಟಿಯ ಒಳಗೇ ಇರಬೇಕು, ಪರೇಡಿಗೆ ಹೇಗೆ ಹೊತ್ತು ಗೊತ್ತು ಮಾಡಿರುತ್ತಾರೋ ಹಾಗೆ. ಇದನ್ನೇ ಬರೆದು ಪ್ರಾಂಶುಪಾಲರಿಗೆ ಕೊಟ್ಟೆ.

ಈಗ ಶುಕ್ರವಾರ ಮಧ್ಯಾಹ್ನದ ಒಂದು ಅವಧಿ ಬೋಧಕರದ್ದು. ಆ ವಾರ ಯಾರು ಏನು ಓದಿದರೋ, ಎಲ್ಲಿ ಹೋಗಿ ಬಂದರೋ ಅದನ್ನು ಉಳಿದವರಿಗೆ ಹೇಳಬೇಕು. ಬಂದೋಬಸ್ತ್ ಬಂದರೆ ತಪ್ಪುತ್ತದೆ, ಮುಂದಿನ ವಾರ ಮತ್ತೆ ಕೂರುತ್ತೇವೆ. ಮೊದಮೊದಲು ಕಾನೂನು ವಿಭಾಗದವರಷ್ಟೇ ಬರುತ್ತಿದ್ದೆವು. ಬರುವ ವಾರ ಉಸ್ತಾದರ ಸರದಿ. ಕೈಗೆ ಬೇಡಿ ಹಾಕುವ ವರಸೆಯನ್ನು ಅವರು ವರ್ಷಗಟ್ಟಲೆ ಮೈದಾನದಲ್ಲಿ ಕಲಿಸಿದ್ದಾರೆ. ಈ ಸಲ ಯಾರಿಗೆ, ಯಾವಾಗ ಹಾಕಬಹುದು ಅನ್ನುವುದನ್ನು ಹೇಳುತ್ತಾರಂತೆ. ಬೇಡಿ ಹಾಕುವುದು ಮಾಮೂಲಿ ಪದ್ಧತಿ ಆಗಬಾರದು ಅಂದ 1980ರ ಪ್ರೇಮ್ ಶಂಕರ್ ಶುಕ್ಲಾ ತೀರ್ಪು, ಸುರಕ್ಷಾ ಸಂಹಿತೆಯ 43ನೇ ಕಲಂ, ಎರಡನ್ನೂ ನನ್ನಿಂದ ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದಾರೆ. ನಿನ್ನೆ ಪರೇಡ್ ಮುಗಿದ ಮೇಲೆ ಹುಡುಕಿಕೊಂಡು ಬಂದು ಕೇಳಿದರು: "ಸಾಹೇಬ್ರ, ಬಿಎನ್‌ಎಸ್‌ಎಸ್ ಬಂದ ಮ್ಯಾಲೂ ಆ ತೀರ್ಪು ನಡಿತೈತಿಲ್ರಿ? ಹುಡುಗೂರು ಕೇಳೇ ಕೇಳ್ತಾರ." ಇಬ್ಬರೂ ಕೂತು ಓದುತ್ತಿದ್ದೇವೆ.