ಬೂಷ್ಟು ಬಂತು ಅಂತ ಖುಷಿಪಟ್ಟ ದಿನ

ಉಪ್ಪಿನಕಾಯಿಗೆ ಬೂಷ್ಟು ಬಂದರೆ ಅಮ್ಮ ಬೈಯುತ್ತಾಳೆ, ಅಡಿಕೆಗೆ ಬಂದರೆ ವ್ಯಾಪಾರಿ ರೇಟು ಇಳಿಸುತ್ತಾನೆ. ಆದರೆ ಮೊನ್ನೆ ಗೋಣಿಚೀಲ ಎತ್ತಿದಾಗ ಗೊಬ್ಬರದ ತುಂಬ ಹಸಿರು ಬೂಷ್ಟು ಹಬ್ಬಿತ್ತು, ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸಿದೆ!

ಅದು ಟ್ರೈಕೋಡರ್ಮಾ. ಕಾಳುಮೆಣಸಿಗೆ ಸೊರಗು ರೋಗ ತರುವ ಫೈಟೋಫ್ತೊರಾ ಜೊತೆ ಜಾಗಕ್ಕೂ ಊಟಕ್ಕೂ ಜಗಳಕ್ಕೆ ಬಿದ್ದು, ಅದರ ಎಳೆಗಳಿಗೆ ಸುತ್ತಿಕೊಂಡು ಕರಗಿಸಿಬಿಡುವ ಶಿಲೀಂಧ್ರ. ಆಗಲೇ ಸೊರಗಿದ ಬಳ್ಳಿಯನ್ನು ಮಾತ್ರ ಇದು ಎಬ್ಬಿಸುವುದಿಲ್ಲ.

ಮೊದಲ ಸಲ ನಾನು ಇದನ್ನು ಔಷಧಿ ಅಂದುಕೊಂಡಿದ್ದೆ. ಪ್ಯಾಕೆಟ್ ತಂದು ತಗಡಿನ ಶೆಡ್ಡಲ್ಲಿ ಬೇಸಿಗೆಯಿಡೀ ಇಟ್ಟೆ, ಆಮೇಲೆ ಒಣ ಮಣ್ಣಿಗೆ ಸುಮ್ನೆ ಉದುರಿಸಿದೆ, ಅದೇ ವಾರ ಬುಡಕ್ಕೆ ಶಿಲೀಂಧ್ರ ಕೊಲ್ಲುವ ತಾಮ್ರದ ಔಷಧಿಯನ್ನೂ ಹೊಯ್ದೆ. ಮಳೆಗಾಲ ಮುಗಿಯುವಾಗ 11 ಬಳ್ಳಿ ಹೋಗಿದ್ದವು. ಪುಡಿಯೇ ಮೋಸ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಅದಕ್ಕೂ ಜೀವ ಇದೆ, ಊಟ ಬೇಕು ಅಂತ ಹೊಳೆಯಲೇ ಇಲ್ಲ.

ಈ ಸಲ 90 ಕೆಜಿ ಹಳೇ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಪುಡಿ ಕಲಸಿದೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ಹದ. ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟು, ಮಧ್ಯೆ ಒಮ್ಮೆ ಮಗುಚಿ ಹಾಕಿದೆ. 15 ದಿನಕ್ಕೆ ಹಸಿರಾಯಿತು. ಮೂಗಿಗೆ ಹಿಡಿದರೆ ಮಳೆ ಬಿದ್ದ ಕಾಡಿನ ವಾಸನೆ.

ಇನ್ನೊಂದು ಉಪಕಾರಿ ಶಿಲೀಂಧ್ರ ಇದೆ, ಮೈಕೋರೈಜಾ. ಇದು ಗೊಬ್ಬರದಲ್ಲಿ ಬೆಳೆಯುವುದಿಲ್ಲ, ಜೀವಂತ ಬೇರೇ ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಡಿ.ಜೆ. ಭಾಗ್ಯರಾಜ್ ವರ್ಷಗಟ್ಟಲೆ ಇದರ ಮೇಲೆಯೇ ಕೆಲಸ ಮಾಡಿದವರು. ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಮಣ್ಣಲ್ಲಿ ಇದ್ದಲ್ಲೇ ಕೂತಿರುತ್ತದೆ, ಬೇರು ತನ್ನ ಪಕ್ಕದ್ದನ್ನು ಖಾಲಿ ಮಾಡಿದ ಮೇಲೆ ಈ ಶಿಲೀಂಧ್ರದ ಎಳೆಗಳು ಆಚೆ ಹೋಗಿ ಹೊತ್ತು ತರುತ್ತವೆ, ಗಿಡ ಕೂಲಿಯಾಗಿ ಸಕ್ಕರೆ ಕೊಡುತ್ತದೆ. ನಾವು ಡಿಎಪಿಯಂಥ ರಂಜಕದ ಗೊಬ್ಬರ ಜಾಸ್ತಿ ಸುರಿದರೆ ಗಿಡಕ್ಕೆ ಈ ಕೂಲಿಯಾಳೇ ಬೇಡವಾಗುತ್ತದೆ. (ಎಲೆಕೋಸು, ಸಾಸಿವೆಗೆ ಹಾಕಿ ದುಡ್ಡು ಕಳೆಯಬೇಡಿ, ಅವು ಇದರ ಜೊತೆ ಸೇರುವುದೇ ಇಲ್ಲ.)

ಮೆಣಸಿನ ಕುಡಿ ನೆಟ್ಟ 40 ತೊಟ್ಟೆಗೆ ಮೈಕೋರೈಜಾ ಹಾಕಿದ್ದೇನೆ, ಇನ್ನು 40ಕ್ಕೆ ಹಾಕಿಲ್ಲ, ವ್ಯತ್ಯಾಸ ನೋಡೋಣ ಅಂತ. ಹಾಕಿದ್ದಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿದ್ದೆ. ನಿನ್ನೆ ಹೋಗಿ ನೋಡಿದರೆ ಎಂಬತ್ತಕ್ಕೂ ದಾರ, ಚೆಂದ ಕಾಣಲಿ ಅಂತ ಮಗಳು ಕಟ್ಟಿದ್ದಾಳಂತೆ.