ಮೀನಿನ ತೊಟ್ಟಿಗೆ ಸೋಪು ಬೇಡ

ಹಾಸನ, 20 ಅಕ್ಟೋಬರ್ 2024, ಭಾನುವಾರ

ಈ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಂತೆಂದರೆ ನಮ್ಮೂರಿನ ಮನೆಮನೆಯಲ್ಲೂ ನೆಂಟರು. ಬೆಂಗಳೂರಿನಿಂದ ನಾದಿನಿ ಮನೆಯವರು ಬರುತ್ತಿದ್ದಾರೆ. ಬೆಳಿಗ್ಗೆಯಿಂದ ಜೇಡರ ಬಲೆ ಹೊಡೆದು, ಹಾಲಿನ ನೆಲ ಒರೆಸಿ ಮುಗಿಸುವಷ್ಟರಲ್ಲಿ ಅತ್ತೆಯ ಕಣ್ಣು ಮೀನಿನ ತೊಟ್ಟಿಯ ಮೇಲೆ ಬಿತ್ತು. "ಇದೇನವ್ವ, ಹಿಂಗೆ ಪಾಚಿ ಕಟ್ಟೈತೆ? ನೀರೆಲ್ಲ ಚೆಲ್ಲಿ, ಸೋಪು ಹಾಕಿ ಉಜ್ಜಿಬಿಡು."

ನನ್ನ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನು ಅದನ್ನೇ ಮಾಡಿದ್ದೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಗಾಜು, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲ ತೊಳೆದು, ಹೊಸ ನೀರು ತುಂಬಿಸಿ ಎರಡು ಗೋಲ್ಡ್ ಫಿಶ್ ಬಿಟ್ಟಿದ್ದೆ. ಸಂಜೆಗೆ ಎರಡೂ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಬೆಳಗಾಗುವಷ್ಟರಲ್ಲಿ ಹೋಗಿದ್ದವು. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಸೋಪಿನ ಅಂಶ ಚೂರು ಉಳಿದರೂ ಮೀನಿನ ಕಿವಿರು ಕೆಡುತ್ತದೆ ಅಂತ ಆಮೇಲೆ ತಿಳಿಯಿತು. ಕನ್ನಡಿ ಒರೆಸುವ ಸ್ಪ್ರೇಗಳೂ ಅಷ್ಟೇ. ಎಷ್ಟೋ ಸ್ಪ್ರೇಗಳಲ್ಲಿ ಅಮೋನಿಯ ಇರುತ್ತದೆ, ಹೊರಗಿನಿಂದ ಹೊಡೆದರೂ ಮುಚ್ಚಳದ ಸಂದಿಯಲ್ಲಿ ಹನಿ ಒಳಗೆ ಇಳಿಯುತ್ತದೆ.

ಈಗ ತೊಟ್ಟಿಯಲ್ಲಿರುವುದು ಮಾಲಿ, ಗಪ್ಪಿ ಮೀನುಗಳು. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಅವಕ್ಕೆ ಚೆನ್ನಾಗಿ ಒಗ್ಗಿದೆ. ಗಾಜಿಗೆ ಮಾತ್ರ ಅದೇ ನೀರು ಶತ್ರು. ನೀರು ಆರಿದಲ್ಲೆಲ್ಲ ಸುಣ್ಣದ ಬಿಳಿ ಗೆರೆ.

ಬರೀ ನೀರಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡೆ. ಫಿಲ್ಟರು, ಹೀಟರು ಎರಡರ ಪ್ಲಗ್ಗೂ ಕಿತ್ತೆ. ಹೀಟರ್ ಬಿಸಿಯಿದ್ದಾಗ ನೀರು ಕೆಳಗಿಳಿದರೆ ಅದರ ಗಾಜು ಸೀಳುತ್ತದೆ, ಹಾಗಾಗಿ ಅದು ತಣಿಯಲೆಂದು ಒಂದು ಲೋಟ ಕಾಫಿ ಕುಡಿದು ಬಂದೆ.

ಒಳಗಿನ ಪಾಚಿಗೆ ಅವಧಿ ಮುಗಿದ ಎಟಿಎಂ ಕಾರ್ಡಿಗಿಂತ ಒಳ್ಳೆಯ ಸಾಮಾನು ನಾನು ಕಂಡಿಲ್ಲ. ಓರೆಯಾಗಿ ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದರೆ, ಕಾವಲಿಯಿಂದ ತೆಳ್ಳನೆ ದೋಸೆ ಎದ್ದ ಹಾಗೆ ಹಸಿರು ಪದರ ಸುರುಳಿ ಸುತ್ತಿಕೊಂಡು ಬರುತ್ತದೆ. ಮರಳಿಗಿಂತ ಒಂದು ಇಂಚು ಮೇಲೇ ಕಾರ್ಡು ನಿಲ್ಲಿಸಬೇಕು. ಮರಳು ಗಾಜಿಗಿಂತ ಗಟ್ಟಿ. ಒಂದೇ ಒಂದು ಕಾಳು ಕಾರ್ಡಿನಡಿ ಸಿಕ್ಕಿದರೂ ಗೀರು ಬೀಳುತ್ತದೆ, ಆ ಗೀರಿಗೆ ಮದ್ದಿಲ್ಲ. ಮೂಲೆಯಲ್ಲಿ ಗಾಜು ಅಂಟಿಸಿರುವ ಸಿಲಿಕೋನಿನ ಹತ್ತಿರ ಕಾರ್ಡು ಒಯ್ಯದೆ, ಸೋಪು ಮುಟ್ಟದ ಹೊಸ ಸ್ಪಂಜಿನಲ್ಲಿ ಒರೆಸಿದೆ. ಅಕ್ರಿಲಿಕ್ ತೊಟ್ಟಿ ಇರುವವರು ಕಾರ್ಡನ್ನು ಮರೆತು ಮೆತ್ತನೆ ಬಟ್ಟೆಯನ್ನೇ ಬಳಸಿ.

ಆಮೇಲೆ ಪೈಪು ಹಾಕಿ ಒಂದು ಬಕೆಟ್ ನೀರು, ಸುಮಾರು 15 ಲೀಟರ್, ಕಸದ ಸಮೇತ ಎಳೆದೆ. ನಮ್ಮ ಎರಡಡಿ ತೊಟ್ಟಿಯಲ್ಲಿ ಅದು ಕಾಲು ಭಾಗ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ತಿಂದು ಅರಗಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲುಗಳ ಮೇಲೆ ಮನೆ ಮಾಡಿರುತ್ತವೆ. ಅವು ಉಳಿಯಲೆಂದು ಸ್ಪಂಜನ್ನು ಆ ಬಕೆಟ್ಟಿನ ಹಳೇ ನೀರಿನಲ್ಲೇ ಎರಡು ಸಲ ಹಿಂಡಿ ವಾಪಸ್ ಇಟ್ಟೆ. ಉಳಿದ ನೀರು ಕರಿಬೇವಿನ ಗಿಡಕ್ಕೆ.

ನೀರು ಇಳಿದಿತ್ತಲ್ಲ, ಬಿಳಿ ಗೆರೆಗೆ ಕೈ ಹಾಕಲು ಅದೇ ಹೊತ್ತು. ಅಡುಗೆಮನೆಯ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಬಟ್ಟೆ ಅದ್ದಿ, ಹನಿಯದ ಹಾಗೆ ಗಟ್ಟಿ ಹಿಂಡಿ, ಗೆರೆಯ ಮೇಲೆ ಹತ್ತು ನಿಮಿಷ ಒತ್ತಿ ಹಿಡಿದೆ. ಹುಳಿ ತಾಗಿ ಸುಣ್ಣ ಮೆಲ್ಲಗೆ ನೊರೆ ಬಿಟ್ಟು ಸಡಿಲವಾಯಿತು. ಮತ್ತೆರಡು ಸಲ ಬರೀ ನೀರಿನ ಬಟ್ಟೆಯಲ್ಲಿ ಒರೆಸಿದೆ. ವಿನೆಗರ್ ಇಲ್ಲದಿದ್ದರೆ ನಿಂಬೆರಸವೂ ಆಗುತ್ತದೆ. ತೊಟ್ಟಿಯೊಳಕ್ಕೆ ಸುರಿಯಬಾರದು, ಅಷ್ಟೇ.

ಎರಡು ದಿನದಿಂದ ಬಕೆಟ್ಟಿನಲ್ಲಿ ತುಂಬಿಸಿಟ್ಟಿದ್ದ ನೀರನ್ನು ತೊಟ್ಟಿಯೊಳಗಿಟ್ಟ ತಟ್ಟೆಯ ಮೇಲೆ ನಿಧಾನ ಸುರಿದು ಪ್ಲಗ್ ಹಾಕಿದೆ.

ಅತ್ತೆ ಬಂದು ಬಗ್ಗಿ ನೋಡಿದರು. "ಹಿಂದ್ಗಡೆ ಗಾಜು ಹಂಗೇ ಬಿಟ್ಟಿದ್ದೀಯಲ್ಲ?"

"ಅದು ಮಾಲಿಗಳ ಊಟ ಅತ್ತೆ. ನೋಡಿ, ಮೇಯ್ತಿವೆ."

ಕರಿ ಮಾಲಿಯೊಂದು ಗಾಜಿಗೆ ಮೂತಿ ಒತ್ತಿ ಟುಕುಟುಕು ಪಾಚಿ ಕೀಳುತ್ತಿತ್ತು. ಅತ್ತೆ ಸ್ಟೂಲ್ ಎಳೆದುಕೊಂಡು ಕೂತರು. ಮಧ್ಯಾಹ್ನದ ಬಿಸಿಲು ನೇರ ತೊಟ್ಟಿಗೆ ಬೀಳುವುದನ್ನು ಅವರೇ ತೋರಿಸಿದರು. ಪಾಚಿ ಇಷ್ಟು ಬೇಗ ಕಟ್ಟುವುದಕ್ಕೆ ಅದೇ ಕಾರಣ. ಗುರುವಾರದೊಳಗೆ ಆ ಕಿಟಕಿಗೆ ದಪ್ಪ ಪರದೆ ಹೊಲಿಸಬೇಕು.