ಹೊರೆ ಇಳಿಸಲೊಂದು ಜಗಲಿ

ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ ಇರುವುದರಿಂದ ನಮ್ಮ ಸಣ್ಣ ಗುಂಪು ಆ ದಿನವೇ ಸೇರುವುದು ವಾಡಿಕೆ. ಒಬ್ಬರು ಬ್ಯಾಂಕ್ ಉದ್ಯೋಗಿ, ಒಬ್ಬರು ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಒಬ್ಬಾಕೆ ಈಚೆಗಷ್ಟೇ ಕೆಲಸಕ್ಕೆ ಸೇರಿದ ಆರ್ಕಿಟೆಕ್ಟ್, ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟಿರುವ ವರ್ತಕರೊಬ್ಬರು, ಮತ್ತು ಮೂವತ್ತು ವರ್ಷಗಳಿಂದ ಕಟ್ಟಡಗಳ ನಕ್ಷೆ ಬರೆಯುತ್ತ, ಕಬ್ಬಿಣ ಸಿಮೆಂಟುಗಳ ಲೆಕ್ಕ ಹಾಕುತ್ತ ಬಂದಿರುವ ಸಿವಿಲ್ ಎಂಜಿನಿಯರಾದ ನಾನು. ಬೆಂಗಳೂರಿನ ಕಟ್ಟಡಗಳನ್ನು ನೋಡುವುದು, ಅವುಗಳ ಬಗ್ಗೆ ವಾದ ಮಾಡುವುದು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುವುದು, ಇಷ್ಟೇ ನಮ್ಮ ಕಾರ್ಯಕ್ರಮ. ಕಳೆದ ಬಾರಿ ಸೇರಿದ್ದು ಬೆಳಿಗ್ಗೆ ಎಂಟೂವರೆಗೆ, ಮೈಸೂರು ಬ್ಯಾಂಕ್ ವೃತ್ತದಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಆರಂಭವಾದ ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತಾದರೂ ಆಟೋದವರಿಗಾಗಲಿ ಬಸ್ ಕಂಡಕ್ಟರಿಗಾಗಲಿ ಅದು ಈಗಲೂ ಮೈಸೂರು ಬ್ಯಾಂಕ್ ಸರ್ಕಲ್ಲೇ.

ನಡೆಯಲು ಶುರುಮಾಡುವ ಮೊದಲೇ ವಾದ ಹುಟ್ಟಿಕೊಂಡಿತು. ಈ ಊರಿನ ನಡುಮಧ್ಯ ಯಾವುದು ಎಂದು ಆರ್ಕಿಟೆಕ್ಟ್ ಹುಡುಗಿ ಕೇಳಿದಳು. ಅವಳ ಮಟ್ಟಿಗೆ ಅದು ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್. ಎತ್ತರದ ಕಟ್ಟಡ, ನಡೆಯಲು ಕಾಲುದಾರಿ, ಸಂಜೆ ಕೂರಲು ಜಾಗ ಇರುವುದು ಅಲ್ಲಿ. ಮೇಷ್ಟ್ರು ಒಪ್ಪಲಿಲ್ಲ. 1809ರಲ್ಲಿ ಬ್ರಿಟಿಷರು ದಂಡನ್ನು ತಂದು ನೆಲೆಗೊಳಿಸಿದ ಮೇಲೆ ಇದು ಎರಡು ಊರಾಯಿತು, 1949ರಲ್ಲಿ ಎರಡೂ ಪುರಸಭೆಗಳನ್ನು ಕೂಡಿಸಿದರೂ ನಡುಮಧ್ಯಗಳು ಎರಡಾಗಿಯೇ ಉಳಿದವು, ಆದರೆ 1537ರಿಂದ ಒಂದು ದಿನವೂ ಬಾಗಿಲು ಹಾಕದೆ ವ್ಯಾಪಾರ ಮಾಡಿಕೊಂಡು ಬಂದಿರುವ ನಡುಮಧ್ಯ ಕೆಂಪೇಗೌಡರು ಕಟ್ಟಿದ ಈ ಹಳೆಯ ಪೇಟೆಯೊಂದೇ ಎಂದರು. ಒಂದು ದಿನವೂ ಎಂಬುದು ಅತಿಯಾಯಿತು. 1898ರ ಪ್ಲೇಗಿನಲ್ಲಿ ಇದೇ ಬೀದಿಗಳಿಂದ ಜನ ಮನೆ ಬಿಟ್ಟು ಹೋಗಿದ್ದರು, ಬಸವನಗುಡಿ ಮಲ್ಲೇಶ್ವರಗಳು ತುಂಬಿಕೊಂಡದ್ದರಲ್ಲಿ ಆ ಭಯದ ಪಾಲೂ ಇದೆ. ಆದರೂ ಮೇಷ್ಟ್ರ ಮಾತಿನ ತಿರುಳು ನನಗೆ ಸರಿ ಎನ್ನಿಸಿತು.

ಅವೆನ್ಯೂ ರಸ್ತೆ ಎಂದರೆ ಹಳೆಯ ದೊಡ್ಡಪೇಟೆ. ಅದಕ್ಕೆ ಅಡ್ಡಲಾಗಿ ಚಿಕ್ಕಪೇಟೆ. ಇವೆರಡೂ ಕೂಡುವ ಚೌಕದಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಕಟ್ಟಿಸಿ, ಹಲಸೂರು, ಯಲಹಂಕ, ಆನೇಕಲ್ಲು, ಸೊಂಡೆಕೊಪ್ಪಗಳ ದಿಕ್ಕಿಗೆ ಗೆರೆ ಎಳೆಸಿದರೆಂಬುದು ಪ್ರತೀತಿ. ನಿಜವೋ ಕಥೆಯೋ, ಅಲ್ಲಿ ನಿಂತಾಗಲೆಲ್ಲ ಬೀದಿಗಳ ನೇರ ನನ್ನನ್ನು ಬೆರಗುಗೊಳಿಸುತ್ತದೆ. ಬೀದಿಯ ನೇರ ಬದಲಾಗಿಲ್ಲ, ಬದಲಾಗಿರುವುದು ಅಂಚು. ಆ ದಿನ ನಾನು ಕಲಿತದ್ದೂ ಅಂಚಿನ ವಿಷಯವೇ.

ಹಳೆಯ ಕಟ್ಟಡಗಳನ್ನು ನೋಡಲು ಹೋದವರೆಲ್ಲರಂತೆ ನಾವೂ ಕತ್ತೆತ್ತಿಯೇ ನಡೆಯುತ್ತಿದ್ದೆವು. ಕೈಪಿಡಿಗೋಡೆಯ ಗಾರೆಯ ಬಳ್ಳಿ, ಅದರ ನಡುವೆ ಉಬ್ಬಿಸಿದ ಇಸವಿ, ಎರಡನೆಯ ಅಂತಸ್ತಿನ ಮರದ ಕಂಬಗಳ ತಲೆಯ ಮೇಲಿನ ಬೋದಿಗೆ, ಇವನ್ನೆಲ್ಲ ಹುಡುಗಿ ಫೋಟೋ ತೆಗೆದುಕೊಳ್ಳುತ್ತಿದ್ದಳು. ನಾನು ಒಂದೆರಡು ಕಡೆ ಗೋಡೆ ತೋರಿಸಿ, ಸುಣ್ಣದ ಗಾರೆಯ ಇಟ್ಟಿಗೆ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿ ಇಲ್ಲದೆ ಹೇಗೆ ಹೊಟ್ಟೆ ಉಬ್ಬುತ್ತದೆ ಎಂದು ವಿವರಿಸಿದೆ. ಹೈಕೋರ್ಟ್ ಇರುವ ಅಟ್ಟಾರ ಕಚೇರಿಯ ಮಾತೂ ಬಂತು. 1868ರಲ್ಲಿ ಪೂರ್ತಿಯಾದ ಆ ಕೆಂಪು ಕಟ್ಟಡವನ್ನು ಕೆಡವುವ ಪ್ರಸ್ತಾಪ 1980ರ ದಶಕದಲ್ಲಿ ಎದ್ದಾಗ ಊರಿನ ಜನ ಎದ್ದು ನಿಂತು ತಡೆದದ್ದನ್ನು ಬ್ಯಾಂಕ್ ಮಿತ್ರರು ನೆನಪಿಸಿದರು. "ಅದು ಸರ್ಕಾರದ ಕಟ್ಟಡ, ಉಳಿಯಿತು. ನಮ್ಮದು ಹನ್ನೆರಡು ಅಡಿ ಅಗಲದ, ಎಂಬತ್ತು ಅಡಿ ಉದ್ದದ ಸೈಟು, ಮೂವರು ಅಣ್ಣತಮ್ಮಂದಿರಿಗೆ ಪಾಲಾಗಿದೆ. ಬಳ್ಳಿ ಹೂವು ಉಳಿಸಿಕೊಂಡು ನಾವು ಏನು ಮಾಡುವುದು?" ಎಂದು ವರ್ತಕರು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ನೆಟ್ಟಗೆ ಉತ್ತರಿಸಲಿಲ್ಲ. ಪಾರಂಪರಿಕ ಕಟ್ಟಡ ಎಂಬ ಹಣೆಪಟ್ಟಿಯೊಂದನ್ನೇ ಕೊಟ್ಟು, ದುರಸ್ತಿಯ ಖರ್ಚಿಗೆ ಒಂದು ದಾರಿಯನ್ನೂ ಕೊಡದಿದ್ದರೆ ಮಾಲೀಕ ಆ ಕಟ್ಟಡವನ್ನು ಶತ್ರುವಿನಂತೆ ನೋಡಲು ಶುರುಮಾಡುತ್ತಾನೆ ಎಂಬುದನ್ನು ನನ್ನ ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಚೌಕ ದಾಟಿ ಚಿಕ್ಕಪೇಟೆಯ ಒಂದು ಅಡ್ಡಗಲ್ಲಿಗೆ ಹೊರಳಿದೆವು. ಹತ್ತು ಗಂಟೆ ಆಗಿರಲಿಲ್ಲ, ಅಂಗಡಿಗಳು ಒಂದೊಂದಾಗಿ ತೆರೆಯುತ್ತಿದ್ದವು. ದೊಡ್ಡ ಗಾಡಿ ನುಗ್ಗಲಾಗದ ಇಂಥ ಗಲ್ಲಿಗಳಲ್ಲಿ ಸರಕು ಕೊನೆಯ ಇನ್ನೂರು ಮುನ್ನೂರು ಗಜ ಬರುವುದು ಮನುಷ್ಯರ ಬೆನ್ನ ಮೇಲೆಯೇ. ಬಟ್ಟೆಯ ಬೇಲು ಹೊತ್ತ ಹಮಾಲರೊಬ್ಬರು ನಮ್ಮ ಹಿಂದಿನಿಂದ "ಸೈಡು, ಸೈಡು" ಎನ್ನುತ್ತ ಬಂದರು. ನಾವು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆವು. ಅವರು ಎದುರಿಗಿದ್ದ ನಾಲ್ಕಂತಸ್ತಿನ ಕಟ್ಟಡವನ್ನು ದಾಟಿ, ಅದರ ಪಕ್ಕದ ಎರಡು ಅಂಗಡಿಗಳನ್ನೂ ದಾಟಿ, ಹಂಚಿನ ಮಾಡಿನ ಒಂದು ಹಳೆಯ ಅಂಗಡಿಯ ಮುಂದೆ ನಿಂತರು. ಬೀದಿಯ ಕಡೆಗೆ ಮುಖ ತಿರುಗಿಸಿದರು, ಎರಡು ಹೆಜ್ಜೆ ಹಿಂದಕ್ಕೆ ಸರಿದರು, ಮೊಣಕಾಲನ್ನು ಸ್ವಲ್ಪವೇ ಬಗ್ಗಿಸಿದರು. ಬೇಲಿನ ತಳ ಜಗಲಿಯ ಕಲ್ಲಿನ ಮೇಲೆ ಕೂತಿತು. ಹಣೆಯ ಪಟ್ಟಿಯನ್ನು ಸಡಿಲಿಸಿ, ಟವಲಿನಿಂದ ಮುಖ ಒರೆಸಿಕೊಂಡು, ಒಂದು ನಿಮಿಷ ಉಸಿರು ತೆಗೆದುಕೊಂಡು, ಯಾರ ಸಹಾಯವೂ ಇಲ್ಲದೆ ಅದೇ ಬೇಲನ್ನು ಬೆನ್ನಿಗೇರಿಸಿಕೊಂಡು ಗಲ್ಲಿಯ ಕೊನೆಯವರೆಗೆ ಹೋದರು.

ಅವರು ದಾಟಿ ಹೋದ ಆ ನಾಲ್ಕಂತಸ್ತಿನ ಕಟ್ಟಡದ ನಕ್ಷೆ ನನ್ನದು. ಇಪ್ಪತ್ತೆರಡು ವರ್ಷಗಳ ಹಿಂದೆ, ಅಲ್ಲಿದ್ದ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟುವಾಗ, ಮುಂಭಾಗದಲ್ಲಿ ಒಂದಂಗುಲವೂ ವ್ಯರ್ಥವಾಗಬಾರದು ಎಂದು ಮಾಲೀಕರು ಹೇಳಿದ್ದರು. ನಾನು ರೋಲಿಂಗ್ ಷಟರನ್ನು ಸೈಟಿನ ಗೆರೆಗೆ ತಂದು ನಿಲ್ಲಿಸಿ, ಅಂಗಡಿಯ ನೆಲವನ್ನು ಬೀದಿಗಿಂತ ಆರೇ ಅಂಗುಲ ಎತ್ತರಕ್ಕಿಟ್ಟು ಜಗಲಿಯನ್ನು ತೆಗೆದುಹಾಕಿದೆ. ತೆಗೆದುಹಾಕುತ್ತಿದ್ದೇನೆ ಎಂಬ ಅರಿವೂ ಆಗ ನನಗಿರಲಿಲ್ಲ. ತೊಲೆಗಳ ಲೆಕ್ಕ ತಪ್ಪಿರಲಿಲ್ಲ, ಕಟ್ಟಡ ಇಂದಿಗೂ ಒಂದು ಬಿರುಕಿಲ್ಲದೆ ನಿಂತಿದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆ ದಿನ ಅದರ ಮುಂದೆ ಮೂರು ಬೇಲುಗಳು ನೆಲದ ಮೇಲೆ, ಚರಂಡಿಯ ಚಪ್ಪಡಿಗೆ ತಾಗಿಕೊಂಡು ಬಿದ್ದಿದ್ದವು. ನಡೆಯುವವರು ಅವನ್ನು ಬಳಸಿಕೊಂಡು ಬೀದಿಗಿಳಿಯುತ್ತಿದ್ದರು, ಸ್ಕೂಟರಿನವರು ಹಾರ್ನು ಒತ್ತುತ್ತಿದ್ದರು.

ಹಮಾಲರು ಬರಿಗೈಯಲ್ಲಿ ಹಿಂದಿರುಗಿದಾಗ ನಾನು ಮಾತನಾಡಿಸಿದೆ. ಮಾಗಡಿ ಕಡೆಯವರು, ಅವರ ತಂದೆಯೂ ಇದೇ ಗಲ್ಲಿಗಳಲ್ಲಿ ಹೊತ್ತವರು. ಆ ಷಟರಿನ ಮುಂದೆಯೇ ಏಕೆ ಇಳಿಸಲಿಲ್ಲ ಎಂದು ಕೇಳಿದೆ.

"ನೆಲಕ್ಕಿಟ್ರೆ ಎತ್ತೋಕೆ ಇನ್ನೊಬ್ರು ಬೇಕು ಸಾರ್. ಇಲ್ಲಾದ್ರೆ ನಾನೇ ಒರಗಿಸ್ತೀನಿ, ನಾನೇ ಎತ್ಕೊಂಡು ಹೋಗ್ತೀನಿ. ಈ ಗಲ್ಲೀಲಿ ಅಂಥದ್ದು ಉಳಿದಿರೋದು ಇದೊಂದೇ."

ಹಿಂದೆ ಊರೂರ ದಾರಿಯಲ್ಲಿ ಹೊರೆಗಲ್ಲುಗಳಿದ್ದವು. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡ ಚಪ್ಪಡಿ ಇಟ್ಟಿರುತ್ತಿದ್ದರು, ತಲೆಹೊರೆ ಹೊತ್ತವರು ಬಗ್ಗದೆಯೇ ಅದನ್ನು ಅಲ್ಲಿಗೆ ಜಾರಿಸಿ ಸುಧಾರಿಸಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯ ಊರಿನ ಕೆರೆಯ ಏರಿಯ ಮೇಲೆ ಒಂದಿತ್ತು. ಪೇಟೆಯ ಜಗಲಿ ಆ ಕೆಲಸವನ್ನೇ ಮಾಡುತ್ತಿದೆ ಎಂದು ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಯೂ ನನಗೆ ಹೊಳೆದಿರಲಿಲ್ಲ. ಜಗಲಿ ಎಂದರೆ ಹಳೆಯ ಕಾಲದವರು ಸಂಜೆ ಕೂತು ಹರಟುವ ಜಾಗ ಎಂದುಕೊಂಡಿದ್ದೆ.

ಚೀಲದಿಂದ ಟೇಪು ತೆಗೆದೆ. ಬೀದಿಯಿಂದ ಇಪ್ಪತ್ತೇಳು ಅಂಗುಲ ಎತ್ತರ, ಇಪ್ಪತ್ತು ಅಂಗುಲ ಅಗಲ, ಒಂದೇ ಉದ್ದನೆಯ ಕಲ್ಲಿನ ಚಪ್ಪಡಿ. ಅದರ ಹೊರ ಅಂಚು ನಡುವೆ ಎರಡು ಕಡೆ ಸವೆದು ತಗ್ಗಾಗಿತ್ತು. ಬೇಲುಗಳ ಗೋಣಿ ಉಜ್ಜಿ ಉಜ್ಜಿ ಆ ತಗ್ಗುಗಳು ಅರೆಯುವ ಕಲ್ಲಿನಷ್ಟು ನುಣುಪಾಗಿ, ಎಣ್ಣೆ ಹಚ್ಚಿದಂತೆ ಕಪ್ಪಾಗಿದ್ದವು. ಅಂಗಡಿಗೆ ಷಟರಿರಲಿಲ್ಲ, ತೋಡಿನಲ್ಲಿ ಜಾರಿಸಿ ಕೂರಿಸುವ ಹಲಗೆಗಳಿದ್ದವು, ಒಂದೊಂದರ ತಲೆಯ ಮೇಲೂ ಉಳಿಯಿಂದ ಕೊರೆದ ಕನ್ನಡದ ಅಂಕಿ. ಬೆಳಿಗ್ಗೆ ತೆಗೆದ ಹಲಗೆಗಳನ್ನು ಜಗಲಿಯ ಒಂದು ಕೊನೆಯಲ್ಲಿ ಜೋಡಿಸಿಟ್ಟು, ಅದರ ಮೇಲೆ ಗುಮಾಸ್ತರು ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು.

"ಖಾಲಿ ಬೆನ್ನಲ್ಲಿ ಅಳತೆ ತಗೊಂಡ್ರೆ ಗೊತ್ತಾಗಲ್ಲ ಸಾರ್" ಎಂದರು ಹಮಾಲರು. ಅವರು ಮತ್ತು ಅವರ ಜೊತೆಗಾರರು ಸೇರಿ ಸಣ್ಣದೊಂದು ಬೇಲನ್ನು ನನ್ನ ಬೆನ್ನ ಮೇಲಿಟ್ಟರು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ನನ್ನ ಪಾದದ ಮುಂದಿನ ಎರಡು ಗೇಣು ಕಾಂಕ್ರೀಟು ಮಾತ್ರ. ಹಿಂದಕ್ಕೆ ಸರಿದು ಮೊಣಕಾಲು ಬಗ್ಗಿಸಿದಾಗ ಕಲ್ಲು ಎಲ್ಲಿದೆಯೆಂದು ಬೆನ್ನೇ ಹುಡುಕಿತು, ಕಲ್ಲು ಸಿಕ್ಕ ಕ್ಷಣ ಭಾರವೆಲ್ಲ ಸೊಂಟದಿಂದ ಇಳಿದು ಅದಕ್ಕೆ ಹೋಯಿತು. ಅದು ಇನ್ನೂ ನಾಲ್ಕು ಅಂಗುಲ ತಗ್ಗಾಗಿದ್ದರೆ ನಾನು ಬೇಲಿನ ಜೊತೆಗೇ ಹಿಂದಕ್ಕೆ ಬೀಳುತ್ತಿದ್ದೆ.

ತಗ್ಗಾದ ಜಗಲಿಯೂ ಪಕ್ಕದಲ್ಲೇ ಇತ್ತು. ಅದೇ ಕಾಲದ್ದು, ಅದೇ ಬಗೆಯ ಚಪ್ಪಡಿ, ಆದರೆ ಬೀದಿಯಿಂದ ಹದಿನಾಲ್ಕೇ ಅಂಗುಲ. ಆ ಅಂಗಡಿಯ ಮುಂದೆ ಬೀದಿ ಮೇಲೆದ್ದಿದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದಿದ್ದರೆ ಪ್ರತಿ ಸಲವೂ ಬೀದಿ ಮೂರು ನಾಲ್ಕು ಅಂಗುಲ ಏರುತ್ತದೆ. ಮೊದಲು ಮೆಟ್ಟಿಲು ಮುಚ್ಚುತ್ತದೆ, ಆಮೇಲೆ ಜಗಲಿ ಮುಳುಗುತ್ತದೆ, ಕೊನೆಗೆ ಮಳೆನೀರು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ಹುಡುಗಿ ಕ್ಯಾಮೆರಾವನ್ನು ಚೀಲಕ್ಕಿಟ್ಟು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಜಗಲಿಗಳ ಅಡ್ಡಸೀಳಿನ ಚಿತ್ರವನ್ನು ಅಳತೆಸಮೇತ ಬರೆದುಕೊಂಡಳು. ಕರಗದ ರಾತ್ರಿ ಈ ಜಗಲಿಗಳ ಮೇಲೆ ಮಲ್ಲಿಗೆ ಹಿಡಿದು ಬೆಳಗಿನ ಜಾವದವರೆಗೆ ಹೇಗೆ ಕಾಯುತ್ತಿದ್ದೆವೆಂದು ಮೇಷ್ಟ್ರು ಅವಳಿಗೆ ಹೇಳುತ್ತ ನಿಂತರು.

ವರ್ತಕರ ಅಂಗಡಿಯಲ್ಲಿ ಕಾಫಿ ಕುಡಿಯುವಾಗ ವಾದ ಮತ್ತೆ ಕಾವೇರಿತು. ಅವೆನ್ಯೂ ರಸ್ತೆಯನ್ನು ಅಗಲ ಮಾಡುವ ಪ್ರಸ್ತಾಪ ಹಿಂದೆ ಬಂದಾಗ ವರ್ತಕರು ಒಟ್ಟಾಗಿ ವಿರೋಧಿಸಿದ್ದನ್ನು ಅವರು ಹೇಳಿದರು. 2017ರಲ್ಲಿ ನೆಲದಡಿಯ ಮೆಟ್ರೊ ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಬಂದ ಮೇಲೆ ಗಿರಾಕಿಗಳು ಕಾರು ಬಿಟ್ಟು ಬರುವುದು ಹೆಚ್ಚಾಗಿದೆ, ಹಾಗಿರುವಾಗ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಡಬಹುದಲ್ಲ ಎಂಬುದು ಬ್ಯಾಂಕ್ ಮಿತ್ರರ ಮಾತು. ಹೊರೆ ಹೊತ್ತವರೂ ನಡೆಯುವವರೇ, ಅವರಿಗೆ ಬೇಕಾದದ್ದನ್ನು ಯಾವ ನಕ್ಷೆಯಲ್ಲೂ ಗುರುತಿಸಿದ್ದನ್ನು ನಾನು ಕಂಡಿಲ್ಲ ಎಂದೆ. ಜಗಲಿಗಳೆಲ್ಲ ಚರಂಡಿಯ ಮೇಲೆ ಚಾಚಿಕೊಂಡ ಒತ್ತುವರಿಯಲ್ಲವೇ, ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಹೇಗೆ ಬರಬೇಕು ಎಂದು ಹುಡುಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಬೀದಿಯನ್ನು ನುಂಗಿ ಕಟ್ಟಿದ ಜಗಲಿಯನ್ನು ನಾನು ಸಮರ್ಥಿಸುವುದಿಲ್ಲ. ಸೈಟಿನ ಗೆರೆಯ ಒಳಗೇ, ಷಟರನ್ನು ಇಪ್ಪತ್ತು ಅಂಗುಲ ಹಿಂದಕ್ಕೆ ಸರಿಸಿ ಕಟ್ಟಬೇಕು. ಹಾಗೆ ಬಿಟ್ಟುಕೊಟ್ಟವರಿಗೆ ಮೇಲಿನ ಅಂತಸ್ತಿನಲ್ಲಿ ಅಷ್ಟೇ ಜಾಗ ಹೆಚ್ಚಿಗೆ ಕಟ್ಟಲು ಅವಕಾಶವಿದ್ದರೆ ಮಾಲೀಕರು ಒಪ್ಪುತ್ತಾರೆ.

ವರ್ತಕರು ತಮ್ಮ ಹಳೆಯ ಮನೆಯನ್ನು ಬರುವ ವರ್ಷ ಕೆಡವಿ ಕಟ್ಟಬೇಕೆಂದಿದ್ದಾರೆ. ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾನು ಅದರ ಮುಂಭಾಗವನ್ನು ಬರೆದು ತೋರಿಸಿದೆ. ಹನ್ನೆರಡು ಅಡಿಯಲ್ಲಿ ಮೂರೂವರೆ ಅಡಿ ಮೆಟ್ಟಿಲಿಗೆ, ಉಳಿದದ್ದು ಜಗಲಿ, ಎತ್ತರ ಇಪ್ಪತ್ತೇಳು ಅಂಗುಲ, ಅಂಚಿಗೆ ಹಳೆಯ ಮನೆಯ ಕಲ್ಲನ್ನೇ ತೆಗೆದು ಹಾಕುವುದು. ಅವರು ಬಹಳ ಹೊತ್ತು ನೋಡಿದರು. "ಇಪ್ಪತ್ತು ಅಂಗುಲ ಅಂದರೆ ಒಂದು ಸಾಲು ಬೀರು ಹೋಗುತ್ತೆ. ಒಂದು ಸಾಲು ಬೀರಿಗೆ ಎಷ್ಟು ಸೀರೆ ಹಿಡಿಯುತ್ತೆ ಗೊತ್ತಾ ನಿಮಗೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಎದ್ದು ಹೋಗಿ ಎದುರಿನ ಬೀರುವಿನ ಒಂದು ಅರೆಯನ್ನು ಎಣಿಸಲು ಶುರುಮಾಡಿದರು, ಎಣಿಸಿ ಬಂದು ಆ ಸಂಖ್ಯೆಯನ್ನು ನನ್ನ ಚಿತ್ರದ ಪಕ್ಕದಲ್ಲೇ ಬರೆದರು, ಹಾಳೆಯನ್ನು ಹರಿದು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಅಣ್ಣತಮ್ಮಂದಿರ ಜೊತೆ ಕೂತು ಮಾತನಾಡುತ್ತೇನೆ ಎಂದರು.